ಬೆಳಗಾವಿಗೆ ಸೈಕಲ್ಲಿನ ಮೇಲೆ

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಪ್ರವಾಸ ಸಮಿತಿಯ ಪರವಾಗಿ ಆಡಿದ ಮಾತು)



ಬರುವ ಜನವರಿಯಲ್ಲಿ ಡೊಂಬಿವಲಿಯಿಂದ ಬೆಳಗಾವಿಯವರೆಗೆ ಗುಂಪಾಗಿ ಸೈಕಲ್ ಪ್ರವಾಸ ಹೋಗಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಅದರ ಏರ್ಪಾಟನ್ನು ತಮ್ಮ ಮುಂದಿಡುವುದಕ್ಕಾಗಿ ಇಂದು ನಿಂತಿದ್ದೇವೆ. ಹೊರಗಿನ ಹಲಗೆಯ ಮೇಲೆ ಭಾಷಣವೆಂದು ಬರೆದಿದ್ದಾರೆ. ಭಾಷಣವೇನೂ ಅಲ್ಲ, ಲೆಕ್ಕ ಒಪ್ಪಿಸುವ ಕೆಲಸ. ಆದರೆ ಹಳೆಯ ಬಾಕಿಯೊಂದು ಉಳಿದಿದೆ. ಅದನ್ನು ಹೇಳದೆ ಹೊಸ ಲೆಕ್ಕ ತೆರೆಯುವುದು ಸರಿಯಲ್ಲ.

ಕಳೆದ ವರ್ಷ ನಾವು ಹನ್ನೊಂದು ಮಂದಿ ಲೋಣಾವಳಕ್ಕೆ ಹೊರಟುದು ತಮಗೆ ನೆನಪಿರಬಹುದು. ಹೊರಡುವಾಗ ಹನ್ನೊಂದು, ಮುಟ್ಟುವಾಗ ಹತ್ತು. ಖೋಪೋಲಿಯ ಆಚೆ ಬೋರ್ ಘಾಟ್ ಏರುವಾಗ ಗೇರಿನ ಸೈಕಲ್ ಇದ್ದವರು ಮುಂದೆ ಹೋದೆವು. ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮ ಕಿರಿಯ ಸದಸ್ಯನೊಬ್ಬ ಹಾಲಿನವರಿಂದ ಕಡ ತಂದ ದೊಡ್ಡ ಸೈಕಲ್ಲಿನ ಮೇಲೆ ಹಿಂದೆ ಉಳಿದ. ಅರ್ಧ ಘಾಟಿಯಲ್ಲಿ ಆತನ ಚೈನು ತುಂಡಾಯಿತು. ಪಾನಾ, ಪಂಪು, ಚೈನಿನ ಕೊಂಡಿ ಎಲ್ಲವೂ ನಮ್ಮ ಚೀಲದಲ್ಲಿದ್ದವು. ನಾವಾದರೋ ಲೋಣಾವಳದಲ್ಲಿ ಚಹಾ ಕುಡಿಯುತ್ತ, "ಬರುತ್ತಾನೆ, ಬರುತ್ತಾನೆ" ಎನ್ನುತ್ತ ಎರಡು ಗಂಟೆ ಕಳೆದೆವು. ಆತನ ಮೊಬೈಲು ಹತ್ತಲಿಲ್ಲ. ಕತ್ತಲಾಗುವವರೆಗೆ ಶಿಂಗ್ರೋಬಾನ ಗುಡಿಯ ಹತ್ತಿರ ಕುಳಿತು, ಆಮೇಲೆ ಸೈಕಲನ್ನು ತಳ್ಳಿಕೊಂಡು ಘಾಟಿಯಿಳಿದು, ಖೋಪೋಲಿಯಲ್ಲಿ ಲೋಕಲ್ ಹಿಡಿದು ಆತ ಒಬ್ಬನೇ ಹಿಂದಿರುಗಿದ.

ಆ ಗುಡಿಯ ಕಥೆಯನ್ನು ಬಲ್ಲವರು ಬಲ್ಲರು. ಶಿಂಗ್ರೋಬಾ ಎಂಬವನು ಕುರಿ ಕಾಯುವ ಧನಗರ. ಘಾಟಿಗೆ ದಾರಿ ತೋರದೆ ತಿಣುಕುತ್ತಿದ್ದ ಇಂಗ್ಲಿಷ್ ಇಂಜಿನಿಯರರಿಗೆ ತನ್ನ ಕುರಿಗಳು ಏರುವ ಜಾಡನ್ನು ಅವನೇ ತೋರಿಸಿಕೊಟ್ಟನಂತೆ. ಕೆಲಸವಾದ ಮೇಲೆ ಅವನನ್ನು ಕೊಂದುಬಿಟ್ಟರಂತೆ. ಆ ಭಾಗದ ಜನ ಹೀಗೆ ಹೇಳಿಕೊಂಡು ಬಂದಿದ್ದಾರೆ. ನಮ್ಮ ಹುಡುಗನೂ ಅಲ್ಲಿಯೇ ಕುಳಿತಿದ್ದನೆಂದು ತಿಳಿದಾಗ ನಮ್ಮಲ್ಲಿ ಕೆಲವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಮೇಲೆ ಎರಡು ತಿಂಗಳು ಆತ ವಾಚನಾಲಯದ ಕಡೆ ತಲೆಹಾಕಲಿಲ್ಲ. ಕೊನೆಗೆ ನಮ್ಮಲ್ಲಿ ಇಬ್ಬರು ಹೋಟೆಲಿನ ಹಿಂದಿನ ಅವನ ಕೋಣೆಗೆ ಹೋಗಿ, ತಪ್ಪಾಯಿತೆಂದು ಹೇಳಿದೆವು. ಆತ ಕುಂದಾಪುರದ ಕಡೆಯವನು. "ನಿಮ್ದೆಂತ ತಪ್ಪಿಲ್ಲ ಮಾರಾಯ್ರೆ. ನೀವು ಸೈಕಲ್ ಬಿಡೂಕೆ ಹೋದ್ರಿ, ನಾನು ನಿಮ್ಮೊಟ್ಟಿಗೆ ಬಂದಿದ್ದೆ" ಎಂದ. ಕೋಪವೇನೂ ಇರಲಿಲ್ಲ. ಕೋಪವಿದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಈ ಸಲದ ಏರ್ಪಾಟೆಲ್ಲ ಆ ಒಂದು ಮಾತಿನಿಂದ ಹೊರಟುದು.

ದೊಡ್ಡವರ ಉದಾಹರಣೆಯನ್ನೂ ನೋಡಿದೆವು. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ನಾಲ್ಕೂವರೆ ವರ್ಷದಲ್ಲಿ ಸುಮಾರು 71,000 ಕಿಲೋಮೀಟರ್ ಸುತ್ತಿ 1928ರ ಮಾರ್ಚಿನಲ್ಲಿ ತಿರುಗಿ ಬಂದಾಗ ಉಳಿದವರು ಮೂವರು: ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗಾರಾ. ಮಿಕ್ಕ ಮೂವರಲ್ಲಿ ಒಬ್ಬರು ಅಮೆರಿಕೆ ಹಿಡಿಸಿ ಅಲ್ಲೇ ನಿಂತರು. ಅಮೆರಿಕೆಯವರೆಗೆ ಹೋಗಿ ಒಬ್ಬನನ್ನು ಬಿಟ್ಟು ಬಂದರೆ ಅದಕ್ಕೊಂದು ಅರ್ಥವಿದೆ. ನಾವು ಖೋಪೋಲಿಯಲ್ಲೇ ಬಿಟ್ಟವರು.

ಇನ್ನು ದಾರಿಯ ವಿಚಾರ. ಸಮಿತಿಯಲ್ಲಿ ದೊಡ್ಡ ಜಗಳವಾದುದು ಇಲ್ಲಿಯೇ. ಕರಾವಳಿಯ ಸದಸ್ಯರು ಪನವೇಲಿನಿಂದ ಪೇಣ, ಮಹಾಡ, ಚಿಪಳೂಣ ಹಿಡಿದು ಕಾರವಾರ ದಾಟಿ ಉಡುಪಿಗೆ ಹೋಗೋಣವೆಂದರು. ಊರಿಗೆ ಸೈಕಲ್ಲಿನ ಮೇಲೆ ಹೋಗಿ ಇಳಿಯಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಅದು ಸುಮಾರು 800 ಕಿಲೋಮೀಟರಿನ ದಾರಿ. ಒಂದು ಹೊಳೆ ಇಳಿದರೆ ಒಂದು ಗುಡ್ಡ ಏರಬೇಕು. ದಿನಕ್ಕೆ 60ರ ಲೆಕ್ಕ ಹಿಡಿದರೂ ಎರಡು ವಾರ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾದ ಮೇಲೆ ಒಂದು ರಾತ್ರಿಯ ಪ್ರಯಾಣವಾಗಿರುವ ಊರಿಗೆ ಎರಡು ವಾರದ ರಜೆ ಕೇಳಿದರೆ ಯಾವ ಮೇಲಧಿಕಾರಿಯೂ ನಗದೆ ಇರಲಾರ. ಧಾರವಾಡದವರು ತಮ್ಮ ಊರಿನವರೆಗೆ ಎಳೆಯಲು ನೋಡಿದರು. ಬೆಳಗಾವಿಯಿಂದ ಧಾರವಾಡಕ್ಕೆ ಇನ್ನೂ 80 ಕಿಲೋಮೀಟರಿನಷ್ಟು. ಆ ಒಂದು ದಿನ ನಮ್ಮ ಹತ್ತಿರ ಇಲ್ಲ.

ನಮ್ಮಂತಹವರಿಗೆ ದೂರವನ್ನು ಅಳೆಯುವ ಕೋಲು ಕಿಲೋಮೀಟರ್ ಅಲ್ಲ, ರಜೆ. ಆದುದರಿಂದ ಮೊದಲು ರಜೆಯ ಲೆಕ್ಕ ಮಾಡಿದೆವು. ಜನವರಿ 26 ಬರುವ ವಾರವನ್ನು ಆರಿಸಿ, ಅದರ ಹಿಂದಿನ ಭಾನುವಾರ ನಸುಕಿನಲ್ಲಿ ಹೊರಟು, ಮುಂದಿನ ಭಾನುವಾರ ಮಧ್ಯಾಹ್ನ ಬೆಳಗಾವಿ ಮುಟ್ಟಿ, ರಾತ್ರಿಯ ಗಾಡಿ ಹಿಡಿದರೆ ಎಂಟು ದಿನದ ಪ್ರವಾಸಕ್ಕೆ ಐದೇ ದಿನದ ರಜೆ ಸಾಕು. ಗುಮಾಸ್ತರು ಇದನ್ನು ಕೇಳಿ ಚಪ್ಪಾಳೆ ತಟ್ಟಿದರು. ಡೊಂಬಿವಲಿಯ ಕಾರ್ಖಾನೆಯಲ್ಲಿ ದುಡಿಯುವ ಸದಸ್ಯರೊಬ್ಬರು ಮಾತ್ರ ತಟ್ಟಲಿಲ್ಲ. ಕಾನೂನಿನ ಪ್ರಕಾರ ಅವರಿಗೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಸಂಬಳದ ರಜೆ. ಐದು ದಿನವೆಂದರೆ ನೂರು ದಿನದ ದುಡಿಮೆಯಿಂದ ಕೂಡಿದ್ದು. "ಊರಿನಲ್ಲಿ ತಾಯಿಗೆ ಏನಾದರೂ ಆದರೆ ಆಮೇಲೆ ಯಾವ ರಜೆಯಲ್ಲಿ ಹೋಗಲಿ?" ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇನ್ನು ಹೋಟೆಲಿನ ಹುಡುಗರ ಮಾತು ಬೇರೆ. ಭಾನುವಾರ, 26ನೆಯ ತಾರೀಖು, ಇವೇ ಅವರಿಗೆ ಹೆಚ್ಚಿನ ಕೆಲಸದ ದಿನಗಳು. ಅವರ ಲೆಕ್ಕದಲ್ಲಿ ಐದಲ್ಲ, ಎಂಟು. ಅದೂ ಸಂಬಳ ಕಡಿತದ ಎಂಟು, ಬದಲಿ ಆಳನ್ನು ತಾವೇ ಒದಗಿಸಿ.

ಹೀಗಿರುವಾಗ "ಎಲ್ಲರೂ ಬನ್ನಿ" ಎಂದು ಹಲಗೆಯ ಮೇಲೆ ಬರೆಯುವುದು ಸುಲಭ. ಬರುವವರು ಸಂಬಳದ ರಜೆ ಇದ್ದವರು ಮಾತ್ರ. ಆದುದರಿಂದ ಸಮಿತಿಯು ಒಂದು ಡಬ್ಬಿಯನ್ನು ಇಡಲು ತೀರ್ಮಾನಿಸಿದೆ. ಬರುವವರು, ಬಾರದವರು, ಮನಸ್ಸಿದ್ದವರೆಲ್ಲ ವಾರಕ್ಕೆ 50 ರೂಪಾಯಿಯಂತೆ ಹಾಕಬಹುದು. ಹೆಚ್ಚು ಹಾಕಿದರೆ ಬೇಡವೆನ್ನುವವರಿಲ್ಲ, ಕಡಿಮೆ ಹಾಕಿದರೆ ಕೇಳುವವರಿಲ್ಲ. ಯಾರು ಎಷ್ಟು ಹಾಕಿದರೆಂದು ಬರೆದಿಡುವುದಿಲ್ಲ. ನಮ್ಮ ಖಜಾಂಚಿಯವರಿಗೆ ಇದು ಹಿಡಿಸಲಿಲ್ಲ; ಹೆಸರಿಲ್ಲದ ಜಮೆ ಎಂದರೆ ಅವರಿಗೆ ಹಲ್ಲುನೋವು ಬಂದಂತೆ. ಕೊನೆಗೆ ಒಟ್ಟು ಮೊತ್ತವನ್ನು ಪ್ರತಿ ತಿಂಗಳು ಎಣಿಸಿ ಹಲಗೆಯ ಮೇಲೆ ಬರೆಯುವುದೆಂದು ಒಪ್ಪಿದರು.

ಈ ಹಣದಿಂದ ಮೊದಲು ಕೊಡುವುದು ಬದಲಿ ಆಳುಗಳ ಕೂಲಿ. ಎರಡನೆಯದು ಎಲ್ಲರ ಹಿಂದಿರುಗುವ ಟಿಕೇಟು. ಊಟ ಮೂರನೆಯದು. ಊಟವನ್ನು ಮೊದಲಿಗಿಡಬೇಕೆಂದು ಕೆಲವರು ವಾದಿಸಿದರು. ಆದರೆ ಊಟವನ್ನು ಮನೆಯಲ್ಲಿದ್ದರೂ ಮಾಡುತ್ತೇವಲ್ಲ! ಮನೆಯಲ್ಲಿದ್ದರೆ ಹೋಗದಿರುವುದು ಆ ಹುಡುಗರ ಸಂಬಳ ಒಂದೇ. ಇದನ್ನು ದಾನವೆಂದು ತಿಳಿಯಬಾರದು. ಸಾತಾರ, ಕರಾಡ, ಕೊಲ್ಲಾಪುರಗಳಲ್ಲಿ ನಮ್ಮ ಕಡೆಯವರ ಹೋಟೆಲುಗಳಿವೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಸರಿಸಿ ಹತ್ತು ಮಂದಿ ಮಲಗಲು ಜಾಗ ಕೊಡುವವರು ಯಾರು, ಅಲ್ಲಿಯ ಭಟ್ಟರು ಯಾವ ಊರಿನವರು ಎಂಬುದು ಈ ಹುಡುಗರಿಗೆ ಗೊತ್ತು. ಇಪ್ಪತ್ತು ವರ್ಷ ಫೋರ್ಟಿನ ಆಫೀಸಿನಲ್ಲಿ ಫೈಲು ಹೊತ್ತ ನಮಗೆ ಗೊತ್ತಿಲ್ಲ. ಏಳು ರಾತ್ರಿ ಲಾಡ್ಜು ಹಿಡಿದರೆ ಆಗುವ ಖರ್ಚನ್ನು ನೆನೆದುಕೊಂಡರೆ ಯಾರು ಯಾರಿಗೆ ಕೊಡುತ್ತಿದ್ದಾರೆಂಬುದು ತಿಳಿಯುತ್ತದೆ.

ದಾರಿ ಒಟ್ಟು ಸುಮಾರು 500 ಕಿಲೋಮೀಟರ್. ಮೊದಲ ದಿನ ಶಿಳಫಾಟಾ, ತಳೋಜ, ಪನವೇಲ ದಾಟಿ ಖೋಪೋಲಿ. ಶಿಳಫಾಟಾದ ರಸ್ತೆಯಲ್ಲಿ ಲಾರಿಗಳ ಹಾವಳಿ ತಮಗೆ ಹೇಳಬೇಕಾಗಿಲ್ಲ. ಭಾನುವಾರ ಬೆಳಕು ಹರಿಯುತ್ತಲೇ ದಾಟಿಬಿಡಬೇಕು. ಎರಡನೆಯ ದಿನ ಘಾಟಿ ಹತ್ತಿ ಪುಣೆ. ಎಕ್ಸ್‌ಪ್ರೆಸ್ ರಸ್ತೆಗೆ ಸೈಕಲ್ಲಿಗೆ ಪ್ರವೇಶವಿಲ್ಲ, ಹಳೆಯ ರಸ್ತೆಯೇ ನಮಗೆ ಗತಿ. ಲೋಣಾವಳ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಖೋಪೋಲಿಯಿಂದ ಹದಿನೈದು ಕಿಲೋಮೀಟರಿನಲ್ಲಿ ಅಷ್ಟನ್ನೂ ಏರಬೇಕು. ಗೇರಿದ್ದವರೂ ಇಲ್ಲಿ ಇಳಿದು ನಡೆಯತಕ್ಕದ್ದು ಎಂದು ನಿಯಮ ಮಾಡಿದ್ದೇವೆ. ಇದಕ್ಕೆ ಒಪ್ಪದವರು ಈಗಲೇ ಹೇಳಿಬಿಡಬೇಕು.

ಮೂರನೆಯ ದಿನ ಕಾತ್ರಜದ ಹಳೆಯ ಘಾಟಿಯಿಂದ ಶಿರವಳ, ನಾಲ್ಕನೆಯ ದಿನ ಖಂಬಾಟ್ಕಿ ಹತ್ತಿ ಸಾತಾರ. ಹೊಸ ಸುರಂಗದೊಳಗೆ ನುಗ್ಗುವ ಸಾಹಸ ಬೇಡ. ಇಷ್ಟಾದರೆ ದೊಡ್ಡ ಏರುಗಳು ಮುಗಿದವು. ಐದನೆಯ ದಿನ ಕರಾಡ, ಐವತ್ತು ಕಿಲೋಮೀಟರ್ ಅಷ್ಟೇ. ಬಟ್ಟೆ ಒಗೆದುಕೊಳ್ಳಲು ಇದೇ ಒಳ್ಳೆಯ ಊರು. ಕೋಯ್ನೆ ಇಲ್ಲಿ ಬಂದು ಕೃಷ್ಣೆಯನ್ನು ಕೂಡುತ್ತದೆ. ವಿಜಾಪುರ, ಬಾಗಲಕೋಟೆಯ ಸದಸ್ಯರು ತಮ್ಮ ಸೀಮೆಗೆ ಹೋಗುವ ನೀರನ್ನು ಇಲ್ಲೇ ಮುಟ್ಟಬಹುದು. ಆರನೆಯ ದಿನ ಕೊಲ್ಲಾಪುರ. ಏಳನೆಯ ದಿನ ಕಾಗಲ ದಾಟಿದರೆ ಕೊಗನೊಳ್ಳಿ, ಅಲ್ಲಿಂದ ಕರ್ನಾಟಕ. ಆಮೇಲೆ ನಿಪ್ಪಾಣಿ. 1981ರಲ್ಲಿ ಹೊಗೆಸೊಪ್ಪಿನ ಬೆಲೆಗಾಗಿ ರೈತರು ಈ ಹೆದ್ದಾರಿಯನ್ನೇ ತಡೆದು ಕುಳಿತಿದ್ದರು, ಗೋಲಿಬಾರಿನಲ್ಲಿ ಜೀವಗಳೂ ಹೋದವು. ಆ ಊರಿನಲ್ಲಿ ಚಹಾ ಕುಡಿಯುವಾಗ ಇದು ನೆನಪಿರಲಿ. ರಾತ್ರಿಗೆ ಸಂಕೇಶ್ವರ, ಮರುದಿನ ಬೆಳಗಾವಿ.

ಈ ಕೊನೆಯ ಮೂರು ದಿನಗಳ ಬಗ್ಗೆ ಒಂದು ಎಚ್ಚರಿಕೆ. ಜನವರಿ ಎಂದರೆ ಆ ಸೀಮೆಯಲ್ಲಿ ಕಬ್ಬು ನುರಿಸುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿ, ರಸ್ತೆಯ ತುಂಬ ಕಬ್ಬು ಹೇರಿಕೊಂಡು ಹೋಗುತ್ತಾರೆ. ಹಿಂದೆ ದೀಪವಿಲ್ಲದವೇ ಬಹಳ. ಆದುದರಿಂದ ಬೆಳಕು ಹರಿಯುವ ಮೊದಲು ಹೊರಡುವುದಿಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಗಜವೂ ತುಳಿಯುವುದಿಲ್ಲ. ಟ್ರಾಲಿಯನ್ನು ಹಿಡಿದುಕೊಂಡು ಪುಕ್ಕಟೆ ಸವಾರಿ ಮಾಡುವ ಚಪಲ ಕೆಲವರಿಗಿದೆ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಸಾಲಿನ ಕ್ರಮವೂ ಬದಲಾಗಿದೆ. ಎಲ್ಲರಿಗಿಂತ ನಿಧಾನವಾದವನು ಮುಂದೆ. ಅವನ ವೇಗವೇ ಗುಂಪಿನ ವೇಗ. ಎಲ್ಲರಿಗಿಂತ ಗಟ್ಟಿಗನು ಕೊನೆಯಲ್ಲಿ. ಪಾನಾ, ಪಂಪು, ಸೊಲ್ಯೂಶನ್ನು, ಎರಡು ಟ್ಯೂಬು, ಚೈನಿನ ಕೊಂಡಿ, ನಾಲ್ಕು ಕಡ್ಡಿ ಅವನ ಕ್ಯಾರಿಯರಿನಲ್ಲಿ. ಕೆಟ್ಟುದೆಲ್ಲ ಹಿಂದೆ ಬೀಳುತ್ತದೆಯೇ ಹೊರತು ಮುಂದೆ ಹಾರುವುದಿಲ್ಲ. ಇಷ್ಟು ಸಣ್ಣ ಸಂಗತಿ ಕಳೆದ ವರ್ಷ ಹನ್ನೊಂದು ತಲೆಗಳಿಗೂ ಹೊಳೆಯಲಿಲ್ಲ. ಹೊಸ ಸೈಕಲ್ ಕೊಳ್ಳಬೇಕೆಂಬುದೇನೂ ಇಲ್ಲ. ಹಳೆಯ ದೊಡ್ಡ ಸೈಕಲ್ಲೂ ಸಾಕು. ಅದರ ಟಯರು, ಬ್ರೇಕಿನ ರಬ್ಬರು, ಚೈನು ಇವು ಮೂರೂ ಡಿಸೆಂಬರಿನಲ್ಲಿ ಹೊಸದಾಗಲಿ. ಒಳ್ಳೆಯ ರಿಪೇರಿಯವನಿಗೆ ಎಲ್ಲ ಊರಿನಲ್ಲೂ ಅದರ ಕೈಹಿಡಿತ ಗೊತ್ತು. ಗೇರಿನ ಸೈಕಲ್ ಶಿರವಳದಲ್ಲಿ ಕೆಟ್ಟರೆ ಪುಣೆಗೇ ಹೋಗಬೇಕಾದೀತು.

ಹಿಂದಿರುಗುವಾಗ ಸೈಕಲ್ಲುಗಳನ್ನು ಬೆಳಗಾವಿಯ ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ಮಿರಜ, ಪುಣೆಯ ಮಾರ್ಗವಾಗಿ ಬರುವ ಗಾಡಿಯಲ್ಲಿ ನಾವು ಸೋಮವಾರ ಕಲ್ಯಾಣದಲ್ಲಿ ಇಳಿಯುತ್ತೇವೆ. ಟಿಕೇಟಿನ ಕೆಲಸವನ್ನು ಕಲ್ಯಾಣದ ಸದಸ್ಯರು ವಹಿಸಿಕೊಂಡಿದ್ದಾರೆ. ನಡುವೆ ಯಾರಿಗೆ ಮೈ ಸರಿಯಿಲ್ಲದೆ ಹೋದರೂ ಒಬ್ಬನೇ ತಿರುಗಿ ಬರತಕ್ಕದ್ದಲ್ಲ. ಜೊತೆಗೆ ಇನ್ನೊಬ್ಬ ಬರುತ್ತಾನೆ. ಆ ಇನ್ನೊಬ್ಬನ ಹೆಸರನ್ನು ಹೊರಡುವ ಮೊದಲೇ ಚೀಟಿ ಎತ್ತಿ ಗೊತ್ತುಮಾಡುತ್ತೇವೆ.

ಕಳೆದ ಗುರುವಾರ ಆ ಹುಡುಗ ವಾಚನಾಲಯಕ್ಕೆ ಬಂದಿದ್ದ. ಪತ್ರಿಕೆ ಓದಿದ, ನಮ್ಮ ಪಟ್ಟಿಯನ್ನೂ ನೋಡಿದ. "ಪಂಪು ಯಾರ ಹತ್ರ?" ಎಂದು ಕೇಳಿದ. ಹೇಳಿದೆವು. ಹೆಸರು ಇನ್ನೂ ಬರೆದಿಲ್ಲ. ಬರೆಯೆಂದು ನಾವು ಒತ್ತಾಯ ಮಾಡಿಲ್ಲ, ದಯವಿಟ್ಟು ತಾವೂ ಮಾಡಬೇಡಿ.

ಅಭ್ಯಾಸ ಬರುವ ಭಾನುವಾರದಿಂದ. ನವಿ ಮುಂಬಯಿಯವರು ಪಾಮ್ ಬೀಚ್ ರಸ್ತೆಯಲ್ಲಿ, ಠಾಣೆಯವರು ಯೇವೂರಿನ ಗುಡ್ಡದ ಮೇಲೆ ತಮ್ಮ ತಮ್ಮಲ್ಲೇ ತುಳಿಯಬಹುದು. ಡೊಂಬಿವಲಿ, ಕಲ್ಯಾಣದವರು ಕೂಡಿ ಟಿಟವಾಳಾದ ಗಣಪತಿಯವರೆಗೆ ಹೋಗಿ ಬರುತ್ತೇವೆ. ಮಳೆ ಬಂದರೂ ಬೆಳಿಗ್ಗೆ ಆರು ಗಂಟೆಗೆ ಈ ಬಾಗಿಲ ಮುಂದೆ ಸೇರುವುದು. ಗಾಳಿಯನ್ನು ಶನಿವಾರ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಸೈಕಲ್ ಅಂಗಡಿ ತೆರೆದಿರುವುದಿಲ್ಲ.