ಪ್ರಯೋಗಶಾಲೆಯಲ್ಲಿ ಪಳಗಬೇಕಾದ ಕೈ



ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಗಡಿನಾಡಿನ ವಿದ್ಯಾರ್ಥಿನಿಯೊಬ್ಬಳು ಮುಂದೆ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆಯ್ದುಕೊಂಡು ಪದವಿ ಕಾಲೇಜಿನ ಪ್ರಯೋಗಶಾಲೆಯನ್ನು ಪ್ರವೇಶಿಸುವ ಮೊದಲ ದಿನವನ್ನು ಕಲ್ಪಿಸಿಕೊಳ್ಳಬಹುದು. ಸಮೀಕರಣಗಳನ್ನು ಸರಿದೂಗಿಸುವುದು ಅವಳಿಗೆ ತಿಳಿದಿದೆ. ಆಮ್ಲ, ಪ್ರತ್ಯಾಮ್ಲ, ಲವಣಗಳ ವ್ಯಾಖ್ಯೆ ಕಂಠಸ್ಥವಾಗಿದೆ. ಆದರೆ ಎದುರಿಗಿರುವ ಬ್ಯುರೆಟ್ಟಿನ ತಿರುಪನ್ನು ಯಾವ ಕೈಯಿಂದ ಹಿಡಿಯಬೇಕೆಂಬುದು ತಿಳಿಯದು. ಸೂಚನೆಗಳು ಇಂಗ್ಲಿಷಿನಲ್ಲಿವೆ, ಸಹಪಾಠಿಗಳ ಪಿಸುಮಾತು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ನಡೆದಿದೆ. ಕೇಳಲು ಸಂಕೋಚಪಟ್ಟು ಅವಳು ಪಕ್ಕದವಳ ಪುಸ್ತಕದಿಂದ ಅಳತೆಯನ್ನು ನಕಲು ಮಾಡಿಕೊಳ್ಳುತ್ತಾಳೆ. ತನ್ನ ಕಣ್ಣಿನ ಮೇಲೆ ಅವಳಿಗಿದ್ದ ವಿಶ್ವಾಸ ಅಂದೇ ಕುಂದುತ್ತದೆ.

ಇಂತಹ ವಿದ್ಯಾರ್ಥಿಗಳನ್ನು ದಡ್ಡರೆಂದು ತಿಳಿಯುವುದು ಅನ್ಯಾಯ. ಪ್ರಾಯೋಗಿಕ ಕೌಶಲವು ಈಜಿನಂತೆ, ನೇಯ್ಗೆಯಂತೆ ದೇಹಕ್ಕೆ ಹತ್ತಬೇಕಾದ ವಿದ್ಯೆ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. 19ನೆಯ ಶತಮಾನದಲ್ಲಿ ಜರ್ಮನಿಯ ಗೀಸೆನ್ ನಗರದಲ್ಲಿ ಯುಸ್ಟುಸ್ ಲೀಬಿಗ್ ವಿದ್ಯಾರ್ಥಿಗಳ ಕೈಯಲ್ಲೇ ಪ್ರಯೋಗಗಳನ್ನು ಮಾಡಿಸುವ ಪ್ರಯೋಗಶಾಲೆಯನ್ನು ಬೆಳೆಸಿದನು. ಇಂದಿನ ಪದವಿ ತರಗತಿಗಳ ಪ್ರಾಯೋಗಿಕ ಶಿಕ್ಷಣಕ್ಕೆ ಅದು ಮಾದರಿಯಾಯಿತು.

ಮೊದಲ ವರ್ಷದಲ್ಲಿ ಎದುರಾಗುವ ಅನುಮಾಪನವನ್ನೇ, ಎಂದರೆ ಟೈಟ್ರೇಶನ್ನನ್ನೇ, ಉದಾಹರಣೆಯಾಗಿ ನೋಡಬಹುದು. ಬ್ಯುರೆಟ್ಟನ್ನು ಅದರಲ್ಲಿ ತುಂಬಬೇಕಾದ ದ್ರಾವಣದಿಂದಲೇ ತೊಳೆಯಬೇಕು. ಒಳಗೆ ನೀರು ಉಳಿದರೆ ದ್ರಾವಣವು ತೆಳುವಾಗುತ್ತದೆ. ಪಿಪೆಟ್ಟಿಗೂ ಇದೇ ನಿಯಮ. ಶಂಕುವಿನಾಕಾರದ ಫ್ಲಾಸ್ಕನ್ನು ಮಾತ್ರ ಶುದ್ಧ ನೀರಿನಿಂದ ತೊಳೆಯಬೇಕು. ಅಲ್ಲಿ ಮುಖ್ಯವಾದುದು ದ್ರಾವಣದಲ್ಲಿರುವ ವಸ್ತುವಿನ ಒಟ್ಟು ಪ್ರಮಾಣ. ನೀರು ಸೇರಿದರೆ ಅದು ಬದಲಾಗದು, ದ್ರಾವಣದ ಹನಿ ಉಳಿದರೆ ಬದಲಾಗುತ್ತದೆ. ಈ ಕಾರಣವನ್ನು ತಿಳಿದವನು ನಿಯಮವನ್ನು ಮರೆಯಲಾರನು.

ಬ್ಯುರೆಟ್ಟಿನ ತುದಿಯಲ್ಲಿ ಗಾಳಿಯ ಗುಳ್ಳೆ ಇದ್ದರೆ ಅದನ್ನು ಮೊದಲೇ ಹೊರದೂಡಬೇಕು. ನಡುವೆ ಹೊರಬಿದ್ದ ಗುಳ್ಳೆಯ ಗಾತ್ರವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಆಲಿಕೆಯನ್ನು ತೆಗೆದಿಡಬೇಕು, ಅದರಿಂದ ಬೀಳುವ ಒಂದು ಹನಿ ಮಟ್ಟವನ್ನು ಕೆಡಿಸುತ್ತದೆ. ಬಲಗೈ ರೂಢಿಯವರು ಎಡಗೈಯಿಂದ ತಿರುಪನ್ನು ಬಳಸಿ ಹಿಡಿದು, ಬಲಗೈಯಿಂದ ಫ್ಲಾಸ್ಕನ್ನು ತಿರುಗಿಸುತ್ತಿರಬೇಕು. ಕಣ್ಣು ದ್ರವದ ಮಟ್ಟಕ್ಕೆ ಸಮನಾಗಿರಬೇಕು. ಬಣ್ಣವಿಲ್ಲದ ದ್ರಾವಣದಲ್ಲಿ ವಕ್ರತಲದ ಕೆಳಅಂಚನ್ನು, ಪರ್ಮಾಂಗನೇಟಿನಂತಹ ಗಾಢವರ್ಣದ ದ್ರಾವಣದಲ್ಲಿ ಮೇಲಂಚನ್ನು ಓದಬೇಕು. ಸಾಮಾನ್ಯ ಬ್ಯುರೆಟ್ಟು 50 ಮಿಲಿಲೀಟರಿನದು. ಒಂದು ಗೆರೆ 0.1 ಮಿಲಿಲೀಟರು. ಒಂದು ಹನಿ ಸುಮಾರು 0.05 ಮಿಲಿಲೀಟರು, ಎಂದರೆ ಅರ್ಧ ಗೆರೆ. ಆದುದರಿಂದ ಕೊನೆಯ ಹಂತದಲ್ಲಿ ಹನಿಹನಿಯಾಗಿ ಬಿಡುವ ತಾಳ್ಮೆಯೇ ನಿಖರತೆಯಾಗಿ ಪರಿಣಮಿಸುತ್ತದೆ.

ನುರಿತ ಕಣ್ಣು ತಪ್ಪಿನ ಕಾರಣವನ್ನೂ ಬಣ್ಣದಲ್ಲಿ ಓದಬಲ್ಲದು. ಆಕ್ಸಾಲಿಕ್ ಆಮ್ಲವನ್ನು ಪರ್ಮಾಂಗನೇಟಿನೊಡನೆ ಅನುಮಾಪನ ಮಾಡುವಾಗ ಗಂಧಕಾಮ್ಲವನ್ನು ಸೇರಿಸಿ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡುತ್ತಾರೆ. ಮೊದಲ ಹನಿಗಳ ಬಣ್ಣ ನಿಧಾನವಾಗಿ ಮಾಯವಾಗುತ್ತದೆ. ಅನಂತರ ಕ್ರಿಯೆಯಲ್ಲೇ ಹುಟ್ಟಿದ ಮ್ಯಾಂಗನೀಸ್ ಅಯಾನುಗಳು ವೇಗವನ್ನು ಹೆಚ್ಚಿಸುತ್ತವೆ. ದ್ರಾವಣವು ಕಂದಾಗಿ ಕದಡಿದರೆ ಆಮ್ಲ ಸಾಲದೆ ಹೋಗಿರಬಹುದೆಂದು ತಿಳಿಯಬೇಕು. ಹೀಗೆ ಕೆಟ್ಟ ಪ್ರಯೋಗವೂ ಪಾಠವನ್ನು ಹೇಳುತ್ತದೆ, ಅದನ್ನು ಮರೆಮಾಚದೆ ಇದ್ದರೆ.

ಕೈಚಳಕಕ್ಕಿಂತ ಹಿರಿದಾದ ಕೌಶಲವೊಂದಿದೆ: ಕಂಡದ್ದನ್ನು ಕಂಡಂತೆ ಬರೆಯುವುದು. 18.4, 18.2, 18.2 ಎಂದು ಬಂದ ಅಳತೆಗಳಲ್ಲಿ ಮೊದಲನೆಯದನ್ನು ಅಳಿಸಿ ಮೂರನ್ನೂ ಒಂದೇ ಮಾಡುವ ಚಪಲ ಸಹಜ. ಅಳಿಸಿದ ಸಂಖ್ಯೆಯೊಡನೆ ಸತ್ಯವೂ ಅಳಿಯಬಹುದು. ಲಾರ್ಡ್ ರ‍್ಯಾಲಿ ಒಂದೇ ಗಾಜಿನ ಗೋಳದಲ್ಲಿ ಸಾರಜನಕವನ್ನು ತೂಗಿದಾಗ, ಗಾಳಿಯಿಂದ ಪಡೆದದ್ದು ಸುಮಾರು 2.31 ಗ್ರಾಂ, ರಾಸಾಯನಿಕ ಸಂಯುಕ್ತಗಳಿಂದ ಪಡೆದದ್ದು ಸುಮಾರು 2.30 ಗ್ರಾಂ ತೂಗಿತು. ಇನ್ನೂರರಲ್ಲಿ ಒಂದು ಪಾಲಿನ ಈ ವ್ಯತ್ಯಾಸವನ್ನು ಅವನು ಉಪೇಕ್ಷಿಸಲಿಲ್ಲ. ಮೊದಲು ಕಂಡ ಇನ್ನೂ ಚಿಕ್ಕ ವ್ಯತ್ಯಾಸವನ್ನು 1892ರಲ್ಲೇ ಪ್ರಕಟಿಸಿ ಇತರರ ವಿವರಣೆಯನ್ನು ಕೋರಿದ್ದನು. 1894ರಲ್ಲಿ ವಿಲಿಯಂ ರಾಮ್ಸೆಯೊಡನೆ ಸೇರಿ ಆರ್ಗಾನ್ ಎಂಬ ಹೊಸ ಧಾತುವನ್ನು ಲೋಕಕ್ಕೆ ತಿಳಿಸಿದನು. ಗಾಳಿಯಲ್ಲಿ ಸದಾ ಇದ್ದ ವಸ್ತುವೊಂದು ಪ್ರಾಮಾಣಿಕವಾದ ತೂಕದಿಂದ ಬೆಳಕಿಗೆ ಬಂದಿತು.

ಇದಕ್ಕೆಲ್ಲ ಅಡಿಪಾಯವನ್ನು ಪ್ರೌಢಶಾಲೆಯಲ್ಲೇ ಹಾಕಲು ಸಾಧ್ಯ. ಬ್ಯುರೆಟ್ಟು ಇಲ್ಲದ ಶಾಲೆಯಲ್ಲಿ ಸೂಜಿಯಿಲ್ಲದ 5 ಮಿಲಿಲೀಟರಿನ ಸಿರಿಂಜು ಸಾಕು. ಒಂದು ಮಿಲಿಲೀಟರು ನೀರಿನಲ್ಲಿ ಎಷ್ಟು ಹನಿಗಳೆಂದು ಪ್ರತಿ ಮಗುವೂ ಐದು ಬಾರಿ ಎಣಿಸಿ ಬರೆಯಲಿ. ಶುಭಕಾರ್ಯದ ಆರತಿಗೆ ಅರಿಶಿನ ಮತ್ತು ಸುಣ್ಣ ಬೆರೆಸಿದ ಕೆಂಪು ನೀರನ್ನು ಮಕ್ಕಳು ಕಂಡೇ ಇರುತ್ತಾರೆ. ಅದರಲ್ಲಿ ಅರಿಶಿನವೇ ಸೂಚಕ. ಸುಣ್ಣದ ತಿಳಿನೀರಿಗೆ ಅರಿಶಿನ ಸೇರಿಸಿ, ನೀರು ಬೆರೆಸಿದ ನಿಂಬೆರಸವನ್ನು ಹನಿಹನಿಯಾಗಿ ಬಿಟ್ಟರೆ ಕೆಂಪು ಹೋಗಿ ಹಳದಿ ಮರಳುತ್ತದೆ. ಮೂರು ಬಾರಿ ಮಾಡಿದಾಗ ಹನಿಗಳ ಎಣಿಕೆ ಒಂದಕ್ಕೊಂದು ಸಮೀಪಿಸಿದರೆ ಆ ಮಗು ಅನುಮಾಪನವನ್ನು ಕಲಿತಂತೆಯೇ. ಸುಣ್ಣದ ನೀರು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು. ಯಾವ ದ್ರಾವಣವನ್ನೂ ಬಾಯಿಂದ ಹೀರಕೂಡದು. ಗಾಢ ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ ಎಂಬುದನ್ನೂ ಆಗಲೇ ಮನದಟ್ಟು ಮಾಡಿಸಬೇಕು.

ಅಳತೆಗಳನ್ನು ಬಿಡಿ ಹಾಳೆಯಲ್ಲಿ ಗೀಚದೆ ನೇರವಾಗಿ ಪುಸ್ತಕದಲ್ಲಿ ಶಾಯಿಯಿಂದ ಬರೆಯುವ ರೂಢಿಯಾಗಬೇಕು. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. ಭಿನ್ನವಾದ ಅಳತೆಗೆ ಅಂಕ ಕಡಿಯದೆ, ಅದೇಕೆ ಭಿನ್ನವಾಯಿತೆಂದು ಅಧ್ಯಾಪಕರು ಕೇಳಿದರೆ ನಕಲು ಮಾಡುವ ಅಗತ್ಯವೇ ಹುಟ್ಟದು.

ಭಾಷೆಯ ವಿಷಯದಲ್ಲಿಯೂ ಮುಂದಾಲೋಚನೆ ಬೇಕು. ಅನುಮಾಪನದೊಡನೆ ಟೈಟ್ರೇಶನ್, ಸೂಚಕದೊಡನೆ ಇಂಡಿಕೇಟರ್, ಅವಕ್ಷೇಪದೊಡನೆ ಪ್ರೆಸಿಪಿಟೇಟ್ ಎಂಬ ಜೋಡಿ ಪದಗಳು ಕಪ್ಪುಹಲಗೆಯ ಮೇಲೆ ಜತೆಯಾಗಿ ಮೂಡಲಿ. ಕಾರಣವು ಕನ್ನಡದಲ್ಲಿ ಬೇರೂರಿದ್ದರೆ ಹೆಸರು ಯಾವ ಭಾಷೆಯಲ್ಲಿ ಬಂದರೂ ಮಗು ತಬ್ಬಿಬ್ಬಾಗದು.

ಹೀಗೆ ಸಿದ್ಧಳಾದ ವಿದ್ಯಾರ್ಥಿನಿಗೂ ಕಾಲೇಜಿನ ಮೊದಲ ದಿನ ಎಲ್ಲವೂ ಸುಲಭವಾಗಲಾರದು. ಆದರೆ ಅವಳು ಪಕ್ಕದ ಪುಸ್ತಕದತ್ತ ನೋಡುವ ಮೊದಲು ಬ್ಯುರೆಟ್ಟಿನ ಗೆರೆಯತ್ತ ನೋಡುವಳು. ಕಂಡ ಸಂಖ್ಯೆಯನ್ನು ಬರೆಯುವಳು. ಅಷ್ಟನ್ನು ಅವಳಿಗೆ ಕಲಿಸಿ ಕಳುಹಿಸುವುದು ಕನ್ನಡ ಶಾಲೆಯ ಅಧ್ಯಾಪಕರ ಕೈಯಲ್ಲಿದೆ.