ತರಗತಿಯಲ್ಲಿ ಉಸಿರಾಟ: ತಲೆ ಯಾಕೆ ಸುತ್ತುತ್ತದೆ?

ವಿಶ್ವವಿದ್ಯಾಲಯದ ಅಧ್ಯಾಪಕರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪಾಠಕ್ಕೆ ಮೊದಲು ವಿದ್ಯಾರ್ಥಿಗಳಿಗೆ ಐದು ನಿಮಿಷ ಉಸಿರಾಟದ ಅಭ್ಯಾಸ ಮಾಡಿಸಿದರೆ ನೆಮ್ಮದಿ ಸಿಗುವುದಿರಲಿ, ಒಬ್ಬಿಬ್ಬರಿಗೆ ತಲೆ ಸುತ್ತುತ್ತದೆ, ಗಾಬರಿ ಹೆಚ್ಚುತ್ತದೆ. ಯಾಕೆ?

ನೀವು ಹೇಳಿದ್ದೇನೆಂದು ಊಹಿಸಬಲ್ಲೆ: "ಎದೆ ತುಂಬ ಉಸಿರು ಎಳೆದುಕೊಳ್ಳಿ, ಆಮ್ಲಜನಕ ಜಾಸ್ತಿ ಸಿಗುತ್ತೆ." ಈ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಆರೋಗ್ಯವಂತರು ಸುಮ್ಮನೆ ಕೂತಿದ್ದರೂ ರಕ್ತದ ಆಮ್ಲಜನಕ ಸಾಮಾನ್ಯವಾಗಿ ಶೇಕಡ 95ಕ್ಕಿಂತ ಮೇಲೇ ಇರುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡವರಿಗೆಲ್ಲ ಇದು ಗೊತ್ತು. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಹೊಯ್ಯುತ್ತೀರಿ? ದೊಡ್ಡ ದೊಡ್ಡ ಉಸಿರಿನಿಂದ ಆಗುವುದು ಬೇರೆಯೇ. ಇಂಗಾಲದ ಡೈಆಕ್ಸೈಡ್ ಬೇಗ ಬೇಗ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅದು ಇಳಿದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಮೊದಲೇ ಪರೀಕ್ಷೆಯ ಭಯದಲ್ಲಿರುವ ಹುಡುಗಿ ಇನ್ನಷ್ಟು ಹೆದರದೆ ಏನು ಮಾಡಿಯಾಳು?

ಹಾಗಾದರೆ ನೆಮ್ಮದಿ ಸಿಗುವುದು ಹೇಗೆ? ಉಸಿರು ಎಳೆಯುವಾಗ ಎದೆಬಡಿತ ಕೊಂಚ ಚುರುಕಾಗುತ್ತದೆ. ಬಿಡುವಾಗ ವೇಗಸ್ ನರ ಅದನ್ನು ನಿಧಾನ ಮಾಡುತ್ತದೆ. ಬೇಕಾದರೆ ಈಗಲೇ ನಾಡಿ ಹಿಡಿದು ನೋಡಿ. ಅದಕ್ಕೇ ಹೇಳುತ್ತೇನೆ: ಸಣ್ಣಗೆ ಎಳೆಯಿರಿ, ಉದ್ದಕ್ಕೆ ಬಿಡಿ. ನನ್ನ ತರಗತಿಯಲ್ಲಿ "ಎಳೆಯಿರಿ" ಎನ್ನುವುದನ್ನೇ ಬಿಟ್ಟಿದ್ದೇನೆ. "ನಿಧಾನಕ್ಕೆ ಬಿಡಿ" ಎಂದರೆ ಸಾಕು, ಎಳೆಯುವುದು ತಾನಾಗಿ ಆಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಮುಂದಿನ ವಾರವೂ ಯಾರೋ ಆಮ್ಲಜನಕ ಎನ್ನುತ್ತಾರೆ.

ಇನ್ನು ಕಣ್ಣು ಮುಚ್ಚಿಸುವ ಹಟ. ಹಿಂದೆ ಆಘಾತ ಕಂಡವರಿಗೆ ಕಣ್ಣು ಮುಚ್ಚಿ ಮೈಯೊಳಗೆ ಗಮನ ಇಡುವುದೇ ಹಿಂಸೆಯಾಗಬಹುದು. ಕಣ್ಣು ತೆರೆದೇ ಇರಲಿ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಲಿ. ಬೇಡವೆಂದವರು ನೋಟ್ಸ್ ತಿರುವಿ ಹಾಕಲಿ.

"ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಇಂಥ ಅಭ್ಯಾಸದಿಂದ ಫಲ ಸಿಕ್ಕಿದೆಯಲ್ಲ" ಎನ್ನುತ್ತೀರಿ. ನಿಜ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 616 ವಿದ್ಯಾರ್ಥಿಗಳಿದ್ದರು. ಎಂಟು ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ) ತರಬೇತಿಯ ಗುಂಪಿನಲ್ಲಿದ್ದವರಿಗೆ ಪರೀಕ್ಷೆಯ ದಿನಗಳಲ್ಲಿ ಮನಸ್ಸಿನ ಸಂಕಟ ಕಡಿಮೆಯಿತ್ತು. ಆದರೆ ಅವರೆಲ್ಲ ತಾವಾಗಿ ಹೆಸರು ಕೊಟ್ಟವರು. ಹಾಜರಾತಿ ಕೂಗಿ, ಆಂತರಿಕ ಅಂಕದ ಭಯ ಹಾಕಿ ಕೂರಿಸಿದವರಲ್ಲ.

ಸಮಯ ಮುಗಿಯುತ್ತ ಬಂತು. ಸಿಲಬಸ್ ಹಿಂದೆ ಬೀಳುತ್ತದೆ ಎಂದವರಿಗೆ ಇಷ್ಟೇ: ಒಂದು ನಿಮಿಷ ಸಾಕು, ಕಷ್ಟದ ಭಾಗಕ್ಕೆ ಮುಂಚೆ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ಮಾಮೂಲಿಯಂತೆ ಉಸಿರಾಡಲು ಹೇಳಿ. ಗಾಬರಿ ಮರುಕಳಿಸುವ ವಿದ್ಯಾರ್ಥಿಗೆ ನೀವೇ ಚಿಕಿತ್ಸೆ ಕೊಡಲು ಹೋಗಬೇಡಿ. ಆಪ್ತ ಸಮಾಲೋಚಕರ ಬಳಿಗೆ ಕಳಿಸಿ.