ಹದಿನೈದು ಕಿಲೋಮೀಟರಿನ ಒಳಗೆ, ಹೊರಗೆ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಗಣಿತದ ಮಾತನ್ನು ಕಬ್ಬಿನಿಂದಲೇ ಆರಂಭಿಸುವುದು ಒಳ್ಳೆಯದು. ಕಡಿದ ಕಬ್ಬು ತಡವಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ಕಾರ್ಖಾನೆ ಹತ್ತಿರವಿರಲಿ ಎಂಬುದು ರೈತನ ಬಯಕೆ. ಇದ್ದ ಕಬ್ಬಿಗಾಗಿ ಜಗ್ಗಾಡಿ ಎರಡು ಕಾರ್ಖಾನೆಗಳೂ ಸೊರಗಬಾರದು ಎಂಬುದು ಸರ್ಕಾರದ ಚಿಂತೆ. 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2006ರಲ್ಲಿ ತಂದ ತಿದ್ದುಪಡಿಯು, ಇರುವ ಕಾರ್ಖಾನೆಯ 15 ಕಿಲೋಮೀಟರ್ ತ್ರಿಜ್ಯದೊಳಗೆ ಹೊಸದು ಬರಕೂಡದೆಂದು ವಿಧಿಸಿತು.

ಹೊಸ ಕಾರ್ಖಾನೆಗೆ ಜಾಗ ಹುಡುಕುವವನ ಲೆಕ್ಕ ನೋಡೋಣ. ಪೂರ್ವ-ಪಶ್ಚಿಮದ ಅಂತರದ ವರ್ಗಕ್ಕೆ ಉತ್ತರ-ದಕ್ಷಿಣದ ಅಂತರದ ವರ್ಗ ಕೂಡಿಸಿದರೆ ದೂರದ ವರ್ಗ ಸಿಗುತ್ತದೆ. ‘ನಮ್ಮೂರಿನಿಂದ 15 ಕಿ.ಮೀ. ಒಳಗಿರಲಿ’ ಎಂದರೆ ಈ ಮೊತ್ತ 225ನ್ನು ಮೀರಬಾರದು. ‘ಹಳೆಯ ಕಾರ್ಖಾನೆಯಿಂದ 15 ಕಿ.ಮೀ. ಹೊರಗಿರಲಿ’ ಎಂದರೆ 225ಕ್ಕಿಂತ ಕಡಿಮೆಯಾಗಬಾರದು. ಎರಡೂ ವರ್ಗದ ನಿರ್ಬಂಧಗಳೇ. ತಿರುಗಿದ್ದು ಒಂದು ಚಿಹ್ನೆ ಮಾತ್ರ.

ಆದರೆ ಆ ಚಿಹ್ನೆಯಿಂದ ಲೆಕ್ಕದ ಜಾತಿಯೇ ಬದಲಾಗುತ್ತದೆ. ಮೊದಲನೆಯದರಲ್ಲಿ ಒಪ್ಪಿಗೆಯಾಗುವ ಯಾವ ಎರಡು ಜಾಗಗಳ ನಡುವೆ ಹಗ್ಗ ಎಳೆದರೂ ಹಗ್ಗವೆಲ್ಲ ಒಪ್ಪಿಗೆಯ ನೆಲದಲ್ಲೇ ಇರುತ್ತದೆ. ಇದಕ್ಕೆ ‘ಪೀನ’ ಗುಣ ಎನ್ನುತ್ತಾರೆ. ಎರಡನೆಯದರಲ್ಲಿ ಹಳೆಯ ಕಾರ್ಖಾನೆಯ ಪೂರ್ವಕ್ಕೆ 20 ಕಿ.ಮೀ., ಪಶ್ಚಿಮಕ್ಕೆ 20 ಕಿ.ಮೀ. ಎರಡೂ ಸರಿ, ನಡುವಿನ ಬಿಂದು ಆ ಕಾರ್ಖಾನೆಯ ಹೆಬ್ಬಾಗಿಲು! ಹೊಲದ ನಡುವೆ ಬಾವಿ ಇದ್ದಂತೆ. ‘ಸರಿಯಾಗಿ 15 ಕಿ.ಮೀ.’ ಎಂದರೂ ಉಳಿಯುವುದು ಬರಿಯ ಬಳೆ, ಅದೂ ಪೀನವಲ್ಲ.

ಗಣಿತಜ್ಞರ ಪರೀಕ್ಷೆ ಹೀಗಿದೆ: ನಿರ್ಬಂಧವನ್ನು ‘ಮೀರಬಾರದು’ ಎಂಬ ರೂಪಕ್ಕೆ ತನ್ನಿ. ಯಾವ ಸಂಖ್ಯೆ ಹಾಕಿದರೂ ಅದರ ವರ್ಗಭಾಗ ಋಣವಾಗದಿದ್ದರೆ ನಿಶ್ಚಿಂತೆ. ‘ಹೊರಗಿರಲಿ’ ಎಂಬುದನ್ನು ಹಾಗೆ ತಿರುಗಿಸಿದರೆ ವರ್ಗಗಳಿಗೆ ಋಣಚಿಹ್ನೆ ಅಂಟುತ್ತದೆ.

ಇದರಿಂದ ರೈತನಿಗೇನು? ಸಾಗಣೆಯ ಒಟ್ಟು ದೂರ ಕನಿಷ್ಠವಾಗುವ ಜಾಗ ಬೇಕು. ಪೀನ ನೆಲದಲ್ಲಿ ಅಕ್ಕಪಕ್ಕಕ್ಕಿಂತ ಉತ್ತಮವಾದ ಜಾಗ ಸಿಕ್ಕರೆ ಇಡೀ ಸೀಮೆಗೇ ಅದು ಉತ್ತಮ. ನಡುವೆ ನಿಷಿದ್ಧ ವೃತ್ತವಿದ್ದರೆ, ಪೂರ್ವದಲ್ಲಿ ಹುಡುಕಾಟ ಶುರುಮಾಡಿದ ಕಂಪ್ಯೂಟರು ಅಲ್ಲಿಯೇ ತೃಪ್ತವಾಗಿ ಕುಳಿತೀತು; ಇನ್ನೂ ಒಳ್ಳೆಯ ಜಾಗ ಪಶ್ಚಿಮದಲ್ಲಿ ಉಳಿದುಹೋದೀತು. ಲೆಕ್ಕದ ಸುಲಭ-ಕಷ್ಟಗಳ ನಿಜವಾದ ಗಡಿ ಈ ಪೀನ ಗುಣವೇ ಎಂದು ರಾಕಫೆಲ್ಲರ್ ಎಂಬ ಗಣಿತಜ್ಞ 1993ರಲ್ಲಿ ಬರೆದರು. ಪೀನವಲ್ಲದ ವರ್ಗದ ಲೆಕ್ಕಗಳು ಎಷ್ಟು ಜಟಿಲವಾಗಬಲ್ಲವೆಂಬುದನ್ನು 1987ರಲ್ಲಿ ಕಟ್ಟಾ ಮೂರ್ತಿ ಮತ್ತು ಸಂತೋಷ್ ಕಬಾಡಿ ತೋರಿಸಿದ್ದರು.

ದಾರಿ ಇಲ್ಲವೆಂದಲ್ಲ. ನಕ್ಷೆಯನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಸಾಗಣೆ ಇದಕ್ಕಿಂತ ಕಡಿಮೆಯಾಗದು ಎಂಬ ಮಿತಿ ಕಂಡುಕೊಂಡು, ಕೈಯಲ್ಲಿರುವ ಉತ್ತರಕ್ಕಿಂತ ಮೇಲಾಗಲಾರದ ತುಂಡುಗಳನ್ನು ಕೈಬಿಡುತ್ತ ಹೋಗಬಹುದು. ಹೊತ್ತು ಹಿಡಿಯುತ್ತದೆ, ಉತ್ತರ ನಂಬಿಕೆಗೆ ಅರ್ಹ.

ಆದ್ದರಿಂದ ‘ಇದೇ ಅತ್ಯುತ್ತಮ ಜಾಗ’ ಎಂದು ಯಾರಾದರೂ ನಕ್ಷೆ ಹಿಡಿದು ಬಂದರೆ ಒಂದು ಮಾತು ಕೇಳಿ: ವೃತ್ತದ ಆಚೆ ಬದಿಯನ್ನೂ ನೋಡಿದ್ದೀರಾ?